ಬಿಸಿ ಬಲ್ಲ ಕಾಳು

ಯಾರ ಮನೆಗೆ ಹೋದರೂ ಪ್ರಮೋದಾಳ ಕಣ್ಣು ಮೊದಲು ಓಡುವುದು ಅಲ್ಲಿರುವ ಯಂತ್ರಗಳ ಕಡೆಗೆ. ಫ್ರಿಜ್ ಕಂಡರೆ, ಇದರೊಳಗೆ ನಮ್ಮ ಕಾಳು ಒಂದಿದೆ ಎನ್ನುತ್ತಾಳೆ. ಮಗುವಿನ ಜ್ವರ ನೋಡುವ ಕಡ್ಡಿ ಕಂಡರೆ ಅದರ ತುದಿಯನ್ನು ಬೆರಳಿನಿಂದ ತಟ್ಟಿ, ಇಲ್ಲೂ ನಮ್ಮದೇ ಎನ್ನುತ್ತಾಳೆ. ಅವಳ ಗಂಡ ಭೀಮರಾಜ್ ಶಾಲೆಯ ವ್ಯಾನ್ ಓಡಿಸುತ್ತಾನೆ. ಇಂಜಿನ್ ಕಾದು ಮುಳ್ಳು ಮೇಲೆ ಹೋದ ದಿನ ಮನೆಗೆ ಬಂದು, ನಿಮ್ಮ ಕಾಳು ಇವತ್ತೂ ನನ್ನ ಮೇಲೆ ಚಾಡಿ ಹೇಳಿತು ಎಂದು ರೇಗಿಸುತ್ತಾನೆ.

ಆವತಿ ಬೆಟ್ಟದ ಹಿಂದಿನ ಊರು ಅವರದು. ಎಸ್ಸೆಸ್ಸೆಲ್ಸಿ ಮುಗಿದ ವರ್ಷವೇ ಪ್ರಮೋದಾ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಗೆ ಸೇರಿದಳು. ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸು ಹತ್ತಿದರೆ ಇಳಿಯುವುದು ಸಂಜೆ. ಹನ್ನೊಂದು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಸಾಸಿವೆ ಕಾಳಿನಷ್ಟು ದಪ್ಪದ ಒಂದು ಕರಿಯ ಕಾಳು, ಅದಕ್ಕೆ ಕೂದಲೆಳೆಯಂಥ ಎರಡು ತಂತಿಯ ಕಾಲು. ಅದನ್ನು ಇಕ್ಕಳದಲ್ಲಿ ಹಿಡಿದು, ಸರಿಯಾಗಿ ಇಪ್ಪತ್ತೈದು ಡಿಗ್ರಿಯಲ್ಲಿ ನಿಲ್ಲಿಸಿದ ಎಣ್ಣೆಯೊಳಗೆ ಅದ್ದಿ, ಮೀಟರಿನಲ್ಲಿ ಬರುವ ಅಂಕಿ ನೋಡಿ, ಒಳ್ಳೆಯದನ್ನು ಒಂದು ತಟ್ಟೆಗೆ, ಕೆಟ್ಟದ್ದನ್ನು ಇನ್ನೊಂದು ತಟ್ಟೆಗೆ ಹಾಕುವುದು. ಊರಿನವರು ಕೇಳಿದರೆ ಅವಳ ತಾಯಿ ದ್ಯಾವಮ್ಮ, ನನ್ನ ಮಗಳು ಕಂಪನಿಯಲ್ಲಿ ಸಾಸಿವೆ ಆರಿಸ್ತಾಳೆ ಎಂದು ಹೇಳಿಬಿಡುತ್ತಿದ್ದಳು. ಜನ ನಗುತ್ತಿದ್ದರು.

ಆ ಕಾಳು ಏನೆಂದು ಅವಳಿಗೆ ಯಾರೂ ಪಾಠ ಮಾಡಿರಲಿಲ್ಲ. ಊಟದ ಬಿಡುವಿನಲ್ಲಿ ಮೇಲ್ವಿಚಾರಕರ ಹಿಂದೆ ಬಿದ್ದು ಕೇಳಿ ಕೇಳಿ ತಿಳಿದುಕೊಂಡಳು. ಮ್ಯಾಂಗನೀಸ್, ನಿಕ್ಕಲ್ ಎಂಬ ಎರಡು ಲೋಹಗಳಿಗೆ ಗಾಳಿಯ ಆಮ್ಲಜನಕ ಸೇರಿದರೆ ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಒಂದು ಪುಡಿ ಆಗುತ್ತದೆ. ಎರಡೂ ಪುಡಿಗಳನ್ನು ಬೆರೆಸಿ, ಕಾಳು ಕಟ್ಟಿ, ಇಟ್ಟಿಗೆ ಸುಡುವುದಕ್ಕಿಂತ ಜೋರಾದ ಉರಿಯಲ್ಲಿ ಸುಟ್ಟರೆ ಅದು ಒಂದೇ ವಸ್ತುವಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಥರ್ಮಿಸ್ಟರ್ ಎಂದು ಹೆಸರು. ಅದರ ಸ್ವಭಾವವೇ ತಿರುಗುಮುರುಗು. ತಾಮ್ರದ ತಂತಿ ಕಾದರೆ ಕರೆಂಟಿಗೆ ಅಡ್ಡ ಬರುವುದು ಹೆಚ್ಚುತ್ತದೆ. ಈ ಕಾಳು ತಣ್ಣಗಿದ್ದಾಗ ಕರೆಂಟನ್ನು ತಡೆದು ನಿಲ್ಲಿಸುತ್ತದೆ. ಬೆಚ್ಚಗಾದಂತೆ ದಾರಿ ಬಿಡುತ್ತಾ ಹೋಗುತ್ತದೆ. ಒಂದು ಡಿಗ್ರಿ ಏರಿದರೂ ಅದಕ್ಕೆ ಗೊತ್ತಾಗುತ್ತದೆ, ಅರ್ಧ ಡಿಗ್ರಿ ಏರಿದರೂ ಗೊತ್ತಾಗುತ್ತದೆ. ಎಷ್ಟು ಕರೆಂಟು ಹರಿಯಿತು ಎಂದು ನೋಡಿ ಎಷ್ಟು ಬಿಸಿ ಎಂದು ಯಂತ್ರ ಲೆಕ್ಕ ಹಾಕುತ್ತದೆ, ಅಷ್ಟೇ. ಇದನ್ನು ಕೇಳಿದ ದಿನ ಪ್ರಮೋದಾ ಬಸ್ಸಿನಲ್ಲಿ ನಿದ್ದೆ ಮಾಡಲಿಲ್ಲ. ಪಕ್ಕದಲ್ಲಿ ಕೂತವಳನ್ನೂ ಮಾಡಗೊಡಲಿಲ್ಲ.

ಮಗಳು ಸಿಂಚನ ಏಳು ತಿಂಗಳಿಗೇ ಹುಟ್ಟಿದಾಗ ಆಸ್ಪತ್ರೆಯವರು ಮಗುವನ್ನು ಬಿಸಿ ದೀಪದ ಕೆಳಗಿನ ತೊಟ್ಟಿಲಲ್ಲಿ ಮಲಗಿಸಿ, ಹೊಟ್ಟೆಯ ಮೇಲೆ ಒಂದು ಪುಟ್ಟ ಬಿಲ್ಲೆ ಅಂಟಿಸಿದ್ದರು. ಎದ್ದು ನಿಲ್ಲುವ ಶಕ್ತಿ ಬಂದ ಕೂಡಲೇ ಪ್ರಮೋದಾ ಗೋಡೆ ಹಿಡಿದು ಹೋಗಿ ನೋಡಿದಳು. ಬಿಲ್ಲೆಯೊಳಗೆ ಕರಿಯ ಕಾಳು. ಮಗುವಿನ ಮೈ ತಣ್ಣಗಾದರೆ ದೀಪ ಹೆಚ್ಚು, ಬೆಚ್ಚಗಾದರೆ ಕಡಿಮೆ. ಅವಳು ನರ್ಸಮ್ಮನ ಕೈ ಹಿಡಿದು, ಇದು ನಮ್ಮ ಕಾಳು ಸಿಸ್ಟರ್, ಏನೂ ಆಗಲ್ಲ ಬಿಡಿ ಎಂದಳಂತೆ. ಧೈರ್ಯ ಹೇಳಲು ಬಂದ ನರ್ಸಮ್ಮನಿಗೆ ಅವಳೇ ಧೈರ್ಯ ಹೇಳಿ ಕಳಿಸಿದಳು. ಸಿಂಚನ ಈಗ ಆರನೇ ಕ್ಲಾಸು.

ಆಮೇಲೆ ಕಾರ್ಖಾನೆಗೆ ಕಾಳು ಆರಿಸುವ ಯಂತ್ರವೇ ಬಂದು, ಪ್ರಮೋದಾಳ ಕೆಲಸ ಹೋಯಿತು. ಹೊರಡುವ ದಿನ ಮೇಲ್ವಿಚಾರಕರು ಒಂದು ಹಳೆಯ ಮೀಟರನ್ನೂ, ಗಾಜಿನ ಕವಚದ ಒಂದು ಹಿಡಿ ಕಾಳನ್ನೂ ತಗಡಿನ ಡಬ್ಬಿಯಲ್ಲಿ ಹಾಕಿ ಅವಳ ಕೈಗಿತ್ತರು. ಮನೆಯಲ್ಲಿ ಕೂರುವ ಜೀವ ಅಲ್ಲ ಅವಳದು. ಊರಿನ ಲಕ್ಷ್ಮೀದೇವಮ್ಮನವರ ಚಾಕಿ ಕೇಂದ್ರದಲ್ಲಿ ಸೊಪ್ಪು ಹೆಚ್ಚಲು, ಟ್ರೇ ತೊಳೆಯಲು ಸೇರಿಕೊಂಡಳು.

ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದಾಗ ಇರುವೆಗಿಂತ ಸಣ್ಣದು. ಆ ಎಳೆಯ ಹುಳುಗಳನ್ನು ಎಂಟು ಹತ್ತು ದಿನ ಬೆಚ್ಚಗಿನ ಕೋಣೆಯಲ್ಲಿ ಸಾಕಿ, ಸ್ವಲ್ಪ ಬಲಿತ ಮೇಲೆ ರೈತರಿಗೆ ಕೊಡುವುದೇ ಚಾಕಿ ಕೇಂದ್ರದ ಕೆಲಸ. ಲಕ್ಷ್ಮೀದೇವಮ್ಮನವರು ಇದನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದಾರೆ. ಈಗ ಸೊಸೆ ಚೈತ್ರ ಜೊತೆಗಿದ್ದಾಳೆ. ಕೋಣೆ ಸದಾ ಇಪ್ಪತ್ತೆಂಟು ಡಿಗ್ರಿ ಇರಬೇಕು, ಮಳೆ ಬಿದ್ದ ನೆಲದಷ್ಟು ತೇವವೂ ಇರಬೇಕು. ಅದಕ್ಕಾಗಿ ಚೈತ್ರ ಬೆಂಗಳೂರಿನಿಂದ ಒಂದು ಪೆಟ್ಟಿಗೆ ತರಿಸಿ ಗೋಡೆಗೆ ಹಾಕಿಸಿದ್ದಳು. ಕೆಂಪು ಅಂಕಿಯಲ್ಲಿ ಡಿಗ್ರಿ ತೋರಿಸುತ್ತಿತ್ತು. ಇಪ್ಪತ್ತೆಂಟಕ್ಕಿಂತ ಇಳಿದರೆ ತಾನೇ ಹೀಟರ್ ಹಾಕುತ್ತಿತ್ತು, ಏರಿದರೆ ಆರಿಸುತ್ತಿತ್ತು.

ಈ ಕಡೆಯ ರೇಷ್ಮೆಯವರ ಮಾತಿನಲ್ಲಿ ಜ್ವರ ಎಂದರೆ ಕಾಯಿಲೆ ಅಲ್ಲ. ಹುಳು ಮೇಯುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚುವ ಕಾಲಕ್ಕೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮುನ್ನ ನಾಲ್ಕು ಜ್ವರ. ಎಲ್ಲ ಹುಳುವೂ ಒಟ್ಟಿಗೆ ಜ್ವರಕ್ಕೆ ಕೂತು ಒಟ್ಟಿಗೆ ಏಳಬೇಕು. ಅರ್ಧ ಕೂತು ಅರ್ಧ ಮೇಯುತ್ತಿದ್ದರೆ ಸೊಪ್ಪು ಹಾಕಿದರೂ ಕಷ್ಟ, ಬಿಟ್ಟರೂ ಕಷ್ಟ.

ಈ ಸಲ ದಸರಾದಲ್ಲಿ ಜಡಿಮಳೆ ಹಿಡಿದಿತ್ತು. ಸೋಮವಾರ ಮೊಟ್ಟೆ ಒಡೆದವು. ಅನುಗೊಂಡನಹಳ್ಳಿ ಕಡೆಯವರೂ ಸೇರಿ ಇಪ್ಪತ್ತೆರಡು ಜನ ರೈತರು ಈ ಹುಳುವಿಗಾಗಿ ಕಾಯುತ್ತಿದ್ದರು. ಅವರ ತೋಟಗಳಲ್ಲಿ ಹಿಪ್ಪುನೇರಳೆ ಸೊಪ್ಪು ಹದಕ್ಕೆ ಬಂದಿತ್ತು. ಮಂಗಳವಾರ ಆಯುಧಪೂಜೆ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಮೊದಲ ಜ್ವರ ಬರಬೇಕಿತ್ತು. ಬರಲಿಲ್ಲ. ಶುಕ್ರವಾರ ಬೆಳಿಗ್ಗೆಯೂ ಒಂದೊಂದು ಟ್ರೇಯಲ್ಲಿ ಎಣಿಸುವಷ್ಟು ಹುಳು ಮಾತ್ರ ತಲೆ ಎತ್ತಿದ್ದವು. ಉಳಿದವು ಮಂಕಾಗಿ, ಮೇಯಲೋ ಬೇಡವೋ ಎಂಬಂತೆ ಸೊಪ್ಪಿನ ಮೇಲೆ ಹರಿದಾಡುತ್ತಿದ್ದವು.

ಚೈತ್ರ ಪೆಟ್ಟಿಗೆ ಕೊಟ್ಟ ಕಂಪನಿಗೆ ಫೋನು ಮಾಡಿದಳು. ವೇಣುಗೋಪಾಲ್ ಎಂಬ ಹುಡುಗ ಇಂಜಿನಿಯರು ಮಾತಿಗೆ ಸಿಕ್ಕಿದ. ಪಾಪ, ನಗರದಲ್ಲಿ ಹುಟ್ಟಿ ಬೆಳೆದವನು.

"ನಾಲ್ಕು ದಿನ ಆಯ್ತು ಸರ್, ಹುಳಕ್ಕೆ ಇನ್ನೂ ಜ್ವರ ಬಂದಿಲ್ಲ."

"ಜ್ವರ ಬಂದಿಲ್ಲ ಅಂದ್ರೆ ಒಳ್ಳೇದೇ ಅಲ್ವಾ ಮೇಡಂ?" ಎಂದ ವೇಣುಗೋಪಾಲ್. "ಟೆಂಪರೇಚರ್ ಎಷ್ಟು ತೋರಿಸ್ತಿದೆ? ಇಪ್ಪತ್ತೆಂಟಾ? ಹಾಗಿದ್ರೆ ನಮ್ಮ ಕಡೆಯಿಂದ ಏನೂ ಪ್ರಾಬ್ಲಂ ಇಲ್ಲ. ಹುಳ ಆರೋಗ್ಯವಾಗಿದೆ."

ಚೈತ್ರ ಫೋನಿಟ್ಟು ಅತ್ತೆಯ ಮುಖ ನೋಡಿದಳು. ಬಿಸಿ ಸರಿಯಾಗಿದೆ, ತೇವ ಸರಿಯಾಗಿದೆ, ಸೊಪ್ಪು ಎಳೆಯದು. ಹಾಗಾದರೆ ಉಳಿದಿದ್ದು ಒಂದೇ. ರೋಗ. ಪಕ್ಕದ ಕೋಣೆಯಲ್ಲಿ ಇನ್ನೊಂದು ತಂಡದ ಮೊಟ್ಟೆಗಳಿದ್ದವು. ರೋಗವಾದರೆ ಅದಕ್ಕೂ ಹರಡುವ ಮೊದಲು ಇಷ್ಟೂ ಹುಳುವನ್ನು ಸುಣ್ಣದ ಗುಂಡಿಗೆ ಹಾಕಿ ಮುಚ್ಚಬೇಕು. ಮಧ್ಯಾಹ್ನದವರೆಗೆ ನೋಡುವುದು, ಆಮೇಲೆ ರೈತರಿಗೆ ಫೋನು ಮಾಡಿ ಕಾಯಬೇಡಿ ಎಂದು ಹೇಳುವುದು, ಹೀಗೆಂದು ಚೈತ್ರ ನಿಶ್ಚಯಿಸಿದಳು. ಗುಂಡಿ ತೋಡಲು ಕೇಂದ್ರದ ಆಳು ಲಕ್ಷ್ಮಯ್ಯ ಗುದ್ದಲಿ ಹಿಡಿದು ಬಂದೂಬಿಟ್ಟ. ಲಕ್ಷ್ಮೀದೇವಮ್ಮನವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತರು. ಇಪ್ಪತ್ತು ವರ್ಷದಲ್ಲಿ ಅವರು ಒಂದು ಟ್ರೇಯನ್ನೂ ಗುಂಡಿಗೆ ಹಾಕಿರಲಿಲ್ಲ.

ಎಳೆಯ ಹುಳುವಿನ ಕೋಣೆಗೆ ಹೆಚ್ಚು ಜನ ಹೋಗಬಾರದೆಂದು ಪ್ರಮೋದಾ ಈ ವಾರವೆಲ್ಲ ಹೊರಗಿನ ಕೆಲಸದಲ್ಲೇ ಇದ್ದಳು. ಇವತ್ತು ಟ್ರೇಗಳನ್ನು ಹೊರಗೆ ತರಲು ಕೈ ಬೇಕಾಯಿತು, ಕರೆದರು. ಕಾಲು ತೊಳೆದು, ಮೂಗಿಗೆ ಬಟ್ಟೆ ಕಟ್ಟಿ ಒಳಗೆ ಹೋದಳು. ಹೋದವಳೇ ನಿಂತುಬಿಟ್ಟಳು. ಪೆಟ್ಟಿಗೆ ೨೮.೧ ಎಂದು ತೋರಿಸುತ್ತಿತ್ತು. ಹೊರಗೆ ಚಳಿ ಮಳೆ, ಅಲ್ಲಿಂದ ಒಳಗೆ ಬಂದವರಿಗೆ ಕೋಣೆ ಬೆಚ್ಚಗೆಂದೇ ತೋರಬೇಕು. ಹೀಟರಿನ ಕಂಬಿಗಳ ನಡುವೆ ಒಂದು ಜೇಡ ಬಲೆ ನೇಯ್ದು, ಅದರ ಮೇಲೆ ತೇವದ ಹನಿ ಕೂತಿತ್ತು.

ಹೀಟರ್ ಯಾವಾಗ ಉರಿದದ್ದು ಎಂದು ಚೈತ್ರಳನ್ನು ಕೇಳಿದಳು. ಬಿಸಿ ಸಾಕಷ್ಟಿದೆಯಲ್ಲ, ಉರಿಯುವ ಅಗತ್ಯ ಬಿದ್ದಿಲ್ಲ ಎಂದಳು ಚೈತ್ರ. ಎಷ್ಟು ದಿನದಿಂದ? ಚೈತ್ರ ಯೋಚಿಸಿದಳು. ಹಬ್ಬದಿಂದೀಚೆಗೆ ಅದರ ಸದ್ದು ಕೇಳಿದ ನೆನಪಿಲ್ಲ. ಗೋಡೆಯ ಗಾಜಿನ ಥರ್ಮಾಮೀಟರು? ಅದು ಹೋದ ತಿಂಗಳು ಕೋಣೆ ತೊಳೆಯುವಾಗ ಒಡೆದುಹೋಗಿತ್ತು. ಪೆಟ್ಟಿಗೆ ಇದೆಯಲ್ಲ ಎಂದು ಬೇರೆ ತಂದಿರಲಿಲ್ಲ.

ಪ್ರಮೋದಾ ಲೆಕ್ಕ ಹಾಕಿದಳು. ಈ ಮಳೆಯಲ್ಲಿ, ಬೆಂಕಿಯಿಲ್ಲದೆ, ಮೂರು ದಿನ ಇಪ್ಪತ್ತೆಂಟು ಡಿಗ್ರಿ ಎಲ್ಲಿಂದ ಬರಬೇಕು?

ಪೆಟ್ಟಿಗೆಯಿಂದ ಹೊರಟ ವೈರು ಕೋಣೆಯ ನಡುವೆ ಇಳಿಬಿದ್ದಿತ್ತು. ಕಾಳನ್ನು ಮುಚ್ಚಿಟ್ಟಿದ್ದ ಮೊದಲಿನ ಕೊಳವೆಯನ್ನು ಆಷಾಢದಲ್ಲಿ ಇಲಿ ಕಡಿದ ಮೇಲೆ, ಊರಿನ ಎಲೆಕ್ಟ್ರಿಷಿಯನ್ ಬರಿಯ ಕಾಳೊಂದನ್ನು ವೈರಿಗೆ ಹೊಸೆದು ಬಿಟ್ಟಿದ್ದ. ಅವಳು ಸ್ಟೂಲ್ ಹಾಕಿಕೊಂಡು ಹತ್ತಿದಳು. ಹನ್ನೊಂದು ವರ್ಷ ನೋಡಿದ ಕರಿಯ ಕಾಳು, ಆದರೆ ಕಾಣಿಸಲಿಲ್ಲ. ಅದರ ಮೇಲೆ ದಪ್ಪಗೆ ಅರಿಶಿನ, ಅದರ ಮೇಲೆ ಕುಂಕುಮ. ಎರಡೂ ತಂತಿಯ ಕಾಲುಗಳನ್ನು ಒಟ್ಟಿಗೆ ಹಿಡಿದು ಮೆತ್ತಿಕೊಂಡಿತ್ತು. ಕೋಣೆಯ ತೇವಕ್ಕೆ ಮೂರು ದಿನವಾದರೂ ಒಣಗದೆ ಹಸಿಯಾಗಿ ಮಿನುಗುತ್ತಿತ್ತು.

ಅವಳಿಗೆ ನಗು ಬಂತು, ಅಳುವೂ ಬಂತು. ಕಾರ್ಖಾನೆಗೆ ಸೇರಿದ ಮೊದಲ ಬೇಸಿಗೆಯಲ್ಲಿ ಬೆವರು ಕೈಯಲ್ಲಿ ಕಾಳಿನ ಕಾಲು ಮುಟ್ಟಿ ಒಂದು ತಟ್ಟೆಯಷ್ಟು ಒಳ್ಳೆಯ ಕಾಳನ್ನು ಕೆಟ್ಟದ್ದೆಂದು ಎಸೆದಿದ್ದಳು. ಮೇಲ್ವಿಚಾರಕರು ಎಲ್ಲರೆದುರು ಬೈದು ಹೇಳಿದ್ದರು: ಎರಡು ಕಾಲಿನ ನಡುವೆ ಹಸಿ ಇದ್ದರೆ ಕರೆಂಟು ಕಾಳಿನ ಒಳಗೇ ಹೋಗಬೇಕೆಂದಿಲ್ಲ, ಹಸಿಯ ಮೇಲೆ ಅಡ್ಡದಾರಿಯಲ್ಲಿ ಹೋಗುತ್ತದೆ. ಕರೆಂಟು ಹೆಚ್ಚು ಹರಿದರೆ ಮೀಟರು ಏನೆಂದುಕೊಳ್ಳುತ್ತದೆ? ಕಾಳು ಬಿಸಿಯಾಗಿದೆ ಅಂದುಕೊಳ್ಳುತ್ತದೆ. ಇಲ್ಲಿಯೂ ಅದೇ. ಕೋಣೆ ತಣ್ಣಗಾಗಿದೆ, ಅರಿಶಿನ ಕುಂಕುಮದ ಮೇಲೆ ಕರೆಂಟು ದಾಟುತ್ತಿದೆ, ಪೆಟ್ಟಿಗೆ ಬೆಚ್ಚಗಿದೆ ಎಂದು ನಂಬಿ ಹೀಟರನ್ನು ಮಲಗಿಸಿದೆ. ಹುಳುವಿಗೆ ರೋಗವಿಲ್ಲ. ಚಳಿ!

ಕೈಯಲ್ಲೇ ಬಟ್ಟೆಯಿತ್ತು, ಒಂದು ಸಲ ಒರೆಸಿದರೆ ಮುಗಿಯಿತು. ಆದರೆ ಅವಳ ಕೈ ಮೇಲೇಳಲಿಲ್ಲ. ಹಬ್ಬದ ದಿನ ಇನ್ನೊಬ್ಬರು ಭಕ್ತಿಯಿಂದ ಇಟ್ಟ ಕುಂಕುಮವನ್ನು ಯಾರಾದರೂ ಅಳಿಸುತ್ತಾರೆಯೇ? ಅದೂ ಲಕ್ಷ್ಮೀದೇವಮ್ಮ ಇಟ್ಟದ್ದು. ನೇಗಿಲಿಗೂ, ಸೊಪ್ಪು ಕೊಯ್ಯುವ ಕುಡುಗೋಲಿಗೂ, ಮೋಟಾರಿಗೂ ಇಟ್ಟು, ನಮ್ಮ ಮಕ್ಕಳಂಥ ಹುಳುವನ್ನು ಹಗಲಿರುಳು ಕಾಯುವುದು ಇದೇ ಅಲ್ಲವೇ ಎಂದು ಈ ಕಾಳನ್ನೂ ಮರೆಯದೆ ಹುಡುಕಿ ಇಟ್ಟಿದ್ದರು. ಪ್ರಮೋದಾ ಸ್ಟೂಲಿನಿಂದ ಇಳಿದು ಹೊರಗೆ ಬಂದಳು. ಲಕ್ಷ್ಮಯ್ಯನಿಗೆ, ಗುದ್ದಲಿ ಕೆಳಗಿಡಣ್ಣ ಎಂದಳು. ಲಕ್ಷ್ಮೀದೇವಮ್ಮನವರ ಎದುರು ಕುಕ್ಕರಗಾಲಲ್ಲಿ ಕೂತಳು.

"ಅಮ್ಮಾ, ಹಬ್ಬದಲ್ಲಿ ಇಟ್ಟಿದ್ದನ್ನೆಲ್ಲ ದಶಮಿ ದಿನ ಕದಲಿಸಿದ್ರಾ?"

"ಕದಲಿಸ್ದೆ ಬಿಡ್ತೀನಾ? ಕಳಸ, ಕುಡುಗೋಲು, ಮೋಟಾರು, ಎಲ್ಲಾನೂ ಕದಲಿಸ್ದೆ."

"ಒಳಗಿರೋ ಕಾಳನ್ನ?"

ಲಕ್ಷ್ಮೀದೇವಮ್ಮ ಸೆರಗಿನ ತುದಿ ಬಿಟ್ಟರು. "ಅದನ್ನ ಹೆಂಗಮ್ಮ ಕದಲಿಸೋದು. ಅದು ಕೆಲ್ಸ ಮಾಡ್ತಾ ಐತಲ್ಲ. ಮುಟ್ಟಿದ್ರೆ ಎಲ್ಲಿ ನಿಂತೋಯ್ತದೋ ಅಂತ ಹಂಗೇ ಬಿಟ್ಟೆ."

"ಅದಕ್ಕೇ ಅಮ್ಮಾ, ಪೂಜೆ ಇನ್ನೂ ಮುಗಿದಿಲ್ಲ ಅಂತ ಅದು ಕೆಲ್ಸಕ್ಕೇ ಎದ್ದಿಲ್ಲ. ನೀವು ಬಂದು ಕದಲಿಸಿ. ನೀವು ಇಟ್ಟಿದ್ದು, ನೀವೇ ತೆಗೀಬೇಕು."

ಆಮೇಲೆ ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಹಸಿ, ಕರೆಂಟಿನ ಅಡ್ಡದಾರಿ, ಪೆಟ್ಟಿಗೆಯ ತಪ್ಪು ಲೆಕ್ಕ. ನಾನೇ ನನ್ನ ಕೈಯಾರೆ ಹುಳುವನ್ನು ಚಳಿಗೆ ಹಾಕಿದೆನಲ್ಲ ಎಂದು ಲಕ್ಷ್ಮೀದೇವಮ್ಮ ಗೊಣಗಿದ್ದು ಚೈತ್ರಳಿಗೆ ಮಾತ್ರ ಕೇಳಿಸಿತು. ಚೈತ್ರ ಅತ್ತೆಯ ಭುಜ ಹಿಡಿದು ಎಬ್ಬಿಸಿದಳು. ಇಟ್ಟ ಜಾಗ ತಪ್ಪಾಯಿತು ಅಷ್ಟೇ ಅತ್ತೆ, ಇಟ್ಟಿದ್ದು ತಪ್ಪಲ್ಲ ಎಂದಳು. ಆ ಮಾತು ಆ ಹೊತ್ತಿಗೆ ಅವಳ ಬಾಯಿಗೆ ಬಂದದ್ದು ದೇವರ ದಯೆಯೇ ಸರಿ.

ಲಕ್ಷ್ಮೀದೇವಮ್ಮ ಕೈಕಾಲು ತೊಳೆದು, ಒಂದು ಸೇವಂತಿಗೆ ಹೂ ಹಿಡಿದು ಒಳಗೆ ಬಂದರು. ಪ್ರಮೋದಾ ಸ್ಟೂಲನ್ನು ಹಿಡಿದುಕೊಂಡಳು, ಚೈತ್ರ ಅತ್ತೆಯ ಸೊಂಟವನ್ನು ಹಿಡಿದಳು. ಅವರು ಕಾಳಿಗೆ ಹೂ ಮುಟ್ಟಿಸಿ, ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ವೈರನ್ನು ಬಡಗು ದಿಕ್ಕಿಗೆ ಒಂದು ಬೆರಳಷ್ಟು ಸರಿಸಿದರು. ಪೂಜೆ ಮುಗಿಯಿತೆಂದು ಕಳಸ ಕದಲಿಸುವುದೂ ಹೀಗೆಯೇ. ಆಮೇಲೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ತಾವೇ ಮೆಲ್ಲಗೆ ಒರೆಸಿ, ಬೆರಳಿಗೆ ಬಂದ ಅರಿಶಿನ ಕುಂಕುಮವನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದರು. ಪ್ರಮೋದಾ ಒಣ ಹತ್ತಿಬಟ್ಟೆ ಕೊಟ್ಟು, ಎರಡು ಕಾಲಿನ ನಡುವೆ ಚೂರೂ ಹಸಿ ಉಳಿಯದ ಹಾಗೆ ಒತ್ತಿಸಿ, ಬೀಸಣಿಗೆಯಿಂದ ಗಾಳಿ ಹಾಕಿದಳು.

ಮೂರು ಜನರೂ ಪೆಟ್ಟಿಗೆಯ ಕಡೆ ತಿರುಗಿದರು. ೨೮.೧. ನಿಂತೇ ಇತ್ತು. ಚೈತ್ರಳ ಕೈ ಅತ್ತೆಯ ಸೊಂಟದಲ್ಲಿ ಬಿಗಿಯಿತು. ಆಮೇಲೆ ೨೭.೬ ಆಯಿತು. ೨೬.೯. ೨೬. ಅಂಕಿಗಳು ಮೆಟ್ಟಿಲು ಇಳಿಯುವ ಮಗುವಿನ ಹಾಗೆ ಇಳಿದವು. ೨೫. ೨೪.೪. ಅಲ್ಲಿ ನಿಂತಿತು. ಅಂಕಿ ನಿಲ್ಲಲೆಂದೇ ಕಾದಿದ್ದ ಪೆಟ್ಟಿಗೆಯೊಳಗೆ ಟಕ್ ಎಂದು ಸದ್ದಾಯಿತು, ಹೀಟರಿನ ಕಂಬಿಗಳು ಕೆಂಪೇರಿದವು, ಜೇಡನ ಬಲೆ ಸುರುಟಿ ಹೋಯಿತು.

ಪ್ರಮೋದಾ ಕೈ ತಟ್ಟಿ ಕುಣಿದಳು. ಮೂವತ್ತೆಂಟು ವರ್ಷದವಳು, ಹುಳು ಮನೆಯಲ್ಲಿ! ಚೈತ್ರ ಮೂಗಿನ ಬಟ್ಟೆಯೊಳಗೇ ನಕ್ಕೂ ನಕ್ಕೂ ಕೆಮ್ಮಿದಳು.

ಕೋಣೆ ಬೆಚ್ಚಗಾದ ಮಾತ್ರಕ್ಕೆ ಗೆದ್ದಂತಲ್ಲ. ಮೂರು ದಿನ ಚಳಿ ತಿಂದ ಹುಳು ಈಗ ಚೇತರಿಸಿಕೊಂಡು ಒಟ್ಟಿಗೆ ಕೂರುತ್ತದೋ, ಚೆಲ್ಲಾಪಿಲ್ಲಿಯಾಗುತ್ತದೋ ಯಾರೂ ಹೇಳುವಂತಿರಲಿಲ್ಲ. ಗುಂಡಿಯ ಮಾತು ಮಧ್ಯಾಹ್ನದಿಂದ ಮರುದಿನ ಬೆಳಿಗ್ಗೆಗೆ ಹೋಯಿತು, ಅಷ್ಟೇ. ಹುಳುವಿಗಾಗಿ ಕಾಯುತ್ತಿದ್ದ ರೈತ ಮುನಿವೆಂಕಟಪ್ಪ, ಅವನದೇ ಎಲ್ಲಕ್ಕಿಂತ ದೊಡ್ಡ ತೋಟ, ಮಳೆಯಲ್ಲಿ ಕೊಡೆ ಹಿಡಿದು ವಿಚಾರಿಸಿಕೊಂಡು ಹೋಗಲು ಬಂದ. ಹುಳು ಕೊಡ್ತೀರೋ ಇಲ್ವೋ ಒಂದು ಮಾತು ಹೇಳಿಬಿಡಮ್ಮ, ಸೊಪ್ಪು ಬಲಿತು ಹಲಗೆಯಾಗ್ತೈತೆ ಎಂದ. ನಾಳೆ ಹೇಳುತ್ತೇನೆ ಎಂದಳು ಚೈತ್ರ. ಪ್ರಮೋದಾ ಎಳೆಯ ಸೊಪ್ಪನ್ನು ಎಂದಿಗಿಂತ ಸಣ್ಣಗೆ ಹೆಚ್ಚಿದಳು. ಮೂರು ಗಂಟೆಗೊಮ್ಮೆ ಒಳಗೆ ಹೋಗಿ ನೋಡಿದರು. ಸಂಜೆ ನಾಲ್ಕಕ್ಕೆ ಹುಳು ಚುರುಕಾಗಿ ಸೊಪ್ಪಿನ ಅಂಚು ಹಿಡಿದು ಮೇಯುತ್ತಿದ್ದವು. ಅದೇ ಒಂದು ಸಮಾಧಾನ. ಮನೆಗೆ ಹೋಗುವ ಮುಂಚೆ ಪ್ರಮೋದಾ ಭೀಮರಾಜನಿಂದ ತನ್ನ ತಗಡಿನ ಡಬ್ಬಿ ತರಿಸಿ, ಬರಿಯ ಕಾಳನ್ನು ತೆಗೆದು ಗಾಜಿನ ಕವಚದ ಕಾಳು ಹಾಕಿದಳು. ಎರಡು ಕಾಲಿಗೂ ಬೇರೆ ಬೇರೆ ತೆಳು ಕೊಳವೆ ತೊಡಿಸಿ, ಬೇಕಾದರೆ ನೀರಲ್ಲೇ ಮುಳುಗಿಸಿ ಎಂದಳು.

ಶನಿವಾರ ಬೆಳಿಗ್ಗೆ ಮಳೆ ನಿಂತಿತ್ತು. ಪ್ರಮೋದಾ ಗೇಟು ತೆಗೆಯುವಷ್ಟರಲ್ಲೇ ಒಳಗಿನಿಂದ ಚೈತ್ರಳ ದನಿ ಕೇಳಿಸಿತು.

"ಅಕ್ಕಾ, ಓಡಿ ಬನ್ನಿ, ಕೂತವೆ!"

ಚಪ್ಪಲಿ ಎಲ್ಲಿ ಬಿಟ್ಟಳೋ. ಒಳಗೆ ಹೋಗಿ ಮೊದಲ ಟ್ರೇಯ ಮೇಲೆ ಬಗ್ಗಿದಳು. ಎಳ್ಳಿನಷ್ಟು ಸಣ್ಣ ತಲೆಗಳು, ಸಾವಿರ ಸಾವಿರ, ಎಲ್ಲವೂ ಒಂದೇ ಸಲ ಮೇಲಕ್ಕೆ ಎತ್ತಿಕೊಂಡು, ಮೈ ಹೊಳಪಾಗಿ, ಅಲ್ಲಾಡದೆ ನಿಂತಿದ್ದವು. ಎರಡನೇ ಟ್ರೇ, ಮೂರನೇ ಟ್ರೇ, ಕೊನೆಯ ಸಾಲಿನದು, ಎಲ್ಲದರಲ್ಲೂ ಹಾಗೆಯೇ. ಹತ್ತರಲ್ಲಿ ಒಂಬತ್ತು ಪಾಲು ಒಟ್ಟಿಗೆ ಜ್ವರಕ್ಕೆ ಕೂತಿದ್ದವು. ಒಂದೂವರೆ ದಿನ ತಡ, ಬೇರೇನೂ ಇಲ್ಲ. ಲಕ್ಷ್ಮೀದೇವಮ್ಮ ಮೂಲೆಯಲ್ಲಿ ಕೈ ಮುಗಿದುಕೊಂಡು ನಿಂತಿದ್ದರು. ಹಾಸು ಒಣಗಿರಲೆಂದು ಚೈತ್ರ ಜರಡಿಯಿಂದ ತೆಳ್ಳಗೆ ಸುಣ್ಣದ ಪುಡಿ ಉದುರಿಸುತ್ತಾ ಬಂದಳು. ಉದುರಿಸುತ್ತಲೇ ಇನ್ನೊಂದು ಕೈಯಲ್ಲಿ ಮುನಿವೆಂಕಟಪ್ಪನಿಗೆ ಫೋನು ಹಚ್ಚಿದಳು. ಮುಂದಿನ ಗುರುವಾರ ಬುಟ್ಟಿ ತನ್ನಿ ಎಂದು ಹೇಳಿದಳು.

ಹುಳು ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವಂತಿಲ್ಲ, ಟ್ರೇ ಅಲ್ಲಾಡಿಸುವಂತಿಲ್ಲ. ವಾರವೆಲ್ಲ ಓಡಾಡಿದ ಮೂವರು ಹೆಂಗಸರಿಗೆ ಇದ್ದಕ್ಕಿದ್ದಂತೆ ಕೆಲಸವೇ ಇಲ್ಲದಾಯಿತು. ಜಗಲಿಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತರು. ಲಕ್ಷ್ಮೀದೇವಮ್ಮ ಒಳಗೆ ಹೋಗಿ ಒಂದು ಲೋಟ ಬಿಸಿನೀರು, ಒಂದು ಲೋಟ ತಣ್ಣೀರು ತಂದು ಪ್ರಮೋದಾಳ ಮುಂದೆ ಇಟ್ಟರು.

"ನಿನ್ನೆ ನೀನು ಹೇಳಿದ್ದು ಗಾಬರಿಯಲ್ಲಿ ಅರ್ಧ ತಲೆಗೆ ಹೋಗ್ಲಿಲ್ಲ ಕಣಮ್ಮ. ಅದು ಹೆಂಗೆ ಕಂಡುಹಿಡೀತದೆ ಬಿಸೀನ, ತೋರ್ಸು."

ಪ್ರಮೋದಾ ಡಬ್ಬಿ ತೆಗೆದು, ಒಂದು ಕಾಳನ್ನು ಮೀಟರಿಗೆ ಸಿಕ್ಕಿಸಿ, ಅದನ್ನು ಅವರ ಕೈಗೇ ಕೊಟ್ಟಳು. ತಣ್ಣೀರಲ್ಲಿ ಅದ್ದಿದಾಗ ಹನ್ನೊಂದರ ಹತ್ತಿರವಿದ್ದ ಅಂಕಿ, ಬಿಸಿನೀರಿಗೆ ತಂದೊಡನೆ ಎಂಟು, ಆರು, ನಾಲ್ಕು ಎಂದು ಜಾರಿತು. ನೀರು ಬಿಸಿಯಾದರೆ ಅಂಕಿ ಏರಬೇಕಲ್ಲವೇ ಎಂದರು ಲಕ್ಷ್ಮೀದೇವಮ್ಮ. ಅದೇ ಅಮ್ಮ ಇದರ ಗುಣ, ಈ ಅಂಕಿ ಅಡ್ಡಿಯದು, ಬಿಸಿಯಾದಷ್ಟೂ ಅಡ್ಡಿ ಕಡಿಮೆ ಎಂದಳು ಪ್ರಮೋದಾ. ಅವರು ಮತ್ತೆ ತಣ್ಣೀರಿಗೆ ಅದ್ದಿದರು, ಮತ್ತೆ ಬಿಸಿನೀರಿಗೆ. ಆಮೇಲೆ ಅಂಗೈಯಲ್ಲಿ ಮುಚ್ಚಿ ಹಿಡಿದು ನೋಡಿದರು. ದಾರಿಯಲ್ಲಿ ಹೋಗುತ್ತಿದ್ದ ಅಶ್ವತ್ಥಮ್ಮನನ್ನು ಕೂಗಿ ಕರೆದು, ಬಾರೇ ಇಲ್ಲಿ, ಈ ಸಾಸಿವೆ ಏನು ಮಾಡ್ತದೆ ನೋಡು ಎಂದು, ತಾವೇ ಲೋಟ ಹಿಡಿದು ಮೊದಲಿನಿಂದ ವಿವರಿಸತೊಡಗಿದರು. ಪ್ರಮೋದಾ ಕಂಬಕ್ಕೆ ಒರಗಿ, ಅವರು ಹೇಳುವುದನ್ನು ಕೇಳುತ್ತಾ ಕೂತಳು.